ಮೂರಿಂಚಿನ ಅಲಗು

ಮಲೆನಾಡಿನ ಒಂದು ಅಡಿಕೆ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಏನನ್ನಾದರೂ ಕೊಯ್ಯಬೇಕಾಗುತ್ತದೆ ಎಂದು ಲೆಕ್ಕ ಇಟ್ಟವರಿಲ್ಲ. ಗೊಬ್ಬರದ ಚೀಲದ ಬಾಯಿಹೊಲಿಗೆ ಬಿಚ್ಚಬೇಕು. ಹನಿ ನೀರಾವರಿಯ ಪೈಪು ಸೀಳಿದ್ದರೆ ಅಷ್ಟು ತುಂಡನ್ನು ನೇರವಾಗಿ ತೆಗೆದು ಜಾಯಿಂಟ್ ಹಾಕಬೇಕು. ಕಾಳುಮೆಣಸಿನ ಬಳ್ಳಿಗೆ ಕಟ್ಟಿದ ದಾರ ಬಿಗಿದು ತೊಗಟೆಯೊಳಗೆ ಇಳಿದಿದ್ದರೆ ಬಳ್ಳಿಗೆ ಗಾಯವಾಗದ ಹಾಗೆ ಅದನ್ನು ತುಂಡರಿಸಬೇಕು. ಊಟದ ಹೊತ್ತಿಗೆ ಬಾಳೆಎಲೆ ಸೀಳಬೇಕು, ನಿಂಬೆಹಣ್ಣು ಹೆಚ್ಚಬೇಕು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಬೇಕು. ಸಂಜೆ ಪೇಟೆಯಿಂದ ಬಂದ ಪೆಟ್ಟಿಗೆಯ ಟೇಪು ಬಿಡಿಸಬೇಕು.

ಸೊಂಟದ ಕೊಕ್ಕೆಯಲ್ಲಿ ತೂಗುವ ದೊಡ್ಡ ಕತ್ತಿ ಇವುಗಳಲ್ಲಿ ಒಂದಕ್ಕೂ ಸರಿಹೋಗುವುದಿಲ್ಲ. ಅದು ಕೊಂಬೆ ಕಡಿಯಲು, ಎಳನೀರು ಕೆತ್ತಲು, ಬೇಲಿ ಸವರಲು ಇರುವುದು. ಉಳಿದ ಸಣ್ಣ ಕೆಲಸಗಳಿಗೆ ಕೈಗೆ ಸಿಕ್ಕಿದ್ದೇ ಆಯುಧ: ಅರ್ಧ ಮುರಿದ ಬ್ಲೇಡು, ಅಡುಗೆಮನೆಯಿಂದ ಕದ್ದು ತಂದ ಚಾಕು, ಕೊನೆಗೆ ಹಲ್ಲು.

ಈ ಸಣ್ಣ ಕೆಲಸಗಳಿಗೆಂದೇ, ಒಬ್ಬರ ಕೈಯ ಅಳತೆಗೆ ಹೇಳಿ ಮಾಡಿಸಿದ ಒಂದು ಚಾಕು ಇರಬೇಕು. ಅಲಗು ಮೂರು ಇಂಚಿನ ಆಸುಪಾಸು, ಹಿಡಿ ನಾಲ್ಕು ಇಂಚು. ಮಡಚುವುದಿಲ್ಲ. ಹಿಡಿಗೆ ಗಟ್ಟಿಯಾಗಿ ಕೂತ ಒಂದೇ ತುಂಡು ಉಕ್ಕು. ನೋಡಲು ಏನೂ ದೊಡ್ಡಸ್ತಿಕೆಯಿಲ್ಲ. ಆದರೆ ದಿನದ ದುಡಿಮೆಗೆ ಒದಗುವುದು ಈ ಅಳತೆಯ ಚಾಕುವೇ.

ಹೇಳಿ ಮಾಡಿಸುವ ಚಾಕುಗಳ ಆಧುನಿಕ ಕತೆ ಅಮೆರಿಕದ್ದು. ಅದು ಶುರುವಾದದ್ದು ಬೇಟೆಯಿಂದಲೂ ಅಲ್ಲ, ಯುದ್ಧದಿಂದಲೂ ಅಲ್ಲ. ದೋಣಿಯ ಹಳೆ ಬಣ್ಣ ಕೆರೆಯುವ ಕೆಲಸದಿಂದ. 1930ರ ದಶಕದಲ್ಲಿ ಫ್ಲಾರಿಡಾದ ಬೋ ರ‍್ಯಾಂಡಲ್ ಎಂಬವರು ಮಿಷಿಗನ್ ರಾಜ್ಯದ ವಾಲೂನ್ ಸರೋವರದ ದಡದಲ್ಲಿ ರಜೆ ಕಳೆಯುತ್ತಿದ್ದಾಗ, ಯಾರೋ ಒಬ್ಬರು ಚಾಕುವಿನಿಂದ ದೋಣಿಯ ಬಣ್ಣ ಕೆರೆಯುತ್ತಿದ್ದುದನ್ನು ಕಂಡರು. ಅಷ್ಟು ಕೆರೆದರೂ ಅಲಗಿನ ಬಾಯಿ ಹೋಗಿರಲಿಲ್ಲ. ವಿಚಾರಿಸಿದರೆ ಅದು ವಿಲಿಯಂ ಸ್ಕೇಗಲ್ ಎಂಬ ಕುಶಲಕರ್ಮಿ ಒಬ್ಬರೇ ಕೂತು ಮಾಡಿದ ಚಾಕು. ರ‍್ಯಾಂಡಲ್ ಅದನ್ನು ಕೊಂಡು ತಂದರು, 1937ರ ಹೊತ್ತಿಗೆ ತಾವೇ ಚಾಕು ಮಾಡತೊಡಗಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಅವರ ಒರ್ಲ್ಯಾಂಡೊ ಕಾರ್ಯಾಗಾರದ ಹೆಸರು ಸೈನಿಕರ ಬಾಯಲ್ಲಿ ಓಡಾಡುತ್ತಿತ್ತು.

ಮುಂದಿನ ಕೊಂಡಿ ಬಾಬ್ ಲವ್‌ಲೆಸ್. 1950ರ ದಶಕದ ಆರಂಭದಲ್ಲಿ ಹಡಗಿನ ಕೆಲಸದಲ್ಲಿದ್ದ ಈ ಯುವಕ ನ್ಯೂಯಾರ್ಕಿನ ಅಬರ್‌ಕ್ರಾಂಬಿ ಆ್ಯಂಡ್ ಫಿಚ್ ಅಂಗಡಿಗೆ ಹೋಗಿ ರ‍್ಯಾಂಡಲ್ ಚಾಕು ಕೇಳಿದರು. ಒಂಬತ್ತು ತಿಂಗಳು ಕಾಯಬೇಕು ಎಂಬ ಉತ್ತರ ಬಂತು. ಲವ್‌ಲೆಸ್ ಕಾಯಲಿಲ್ಲ. ನ್ಯೂವಾರ್ಕಿನ ಗುಜರಿಯಿಂದ 1937ರ ಪ್ಯಾಕಾರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿ ತಂದು, ಹಡಗಿನ ಅಡುಗೆ ಒಲೆಯಲ್ಲೇ ಕಾಯಿಸಿ, ತಮ್ಮ ಮೊದಲ ಚಾಕು ಮಾಡಿಕೊಂಡರು. ಮುಂದೆ ಅದೇ ಅಂಗಡಿ ಅವರ ಚಾಕುಗಳನ್ನು ಮಾರತೊಡಗಿತು. 1970ರಲ್ಲಿ ಹುಟ್ಟಿದ ಅಮೆರಿಕದ ಚಾಕು ತಯಾರಕರ ಸಂಘ ‘ನೈಫ್‌ಮೇಕರ್ಸ್ ಗಿಲ್ಡ್’ನ ಸ್ಥಾಪಕರಲ್ಲಿ ಅವರೂ ಒಬ್ಬರು. ಅಲಗಿನ ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯುತ್ತ ಹೋಗುವ ಆಕಾರವನ್ನು ಮನೆಮಾತಾಗಿಸಿದ್ದು ಅವರೇ. ಹೀಗೆ ಇಳಿದ ಮೊನೆ ಹಿಡಿಯ ನಡುಗೆರೆಗೆ ಹತ್ತಿರ ಬರುತ್ತದೆ. ಹಾಗಾಗಿ ಕೈ ಎತ್ತ ತಿರುಗಿದರೆ ಮೊನೆಯೂ ಅತ್ತಲೇ ತಿರುಗುತ್ತದೆ. ಇಂದಿನ ಸಣ್ಣ ಚಾಕುಗಳಲ್ಲಿ ಬಹಳಷ್ಟು ಈ ಆಕಾರದವು.

ಗುಜರಿ ಗಾಡಿಯ ಸ್ಪ್ರಿಂಗಿನಿಂದ ಚಾಕು ಎಂದರೆ ನಮ್ಮ ಹಳ್ಳಿಯ ಆಚಾರ್ರಿಗೆ ಆಶ್ಚರ್ಯವೇನೂ ಆಗದು. ಕರ್ನಾಟಕದ ಕುಲುಮೆಗಳಲ್ಲಿ ತಲೆಮಾರುಗಳಿಂದ ಲಾರಿಯ ಸ್ಪ್ರಿಂಗ್ ಪ್ಲೇಟೇ ಕತ್ತಿ, ಕುಡುಗೋಲುಗಳ ಕಚ್ಚಾಮಾಲು.

ಸಣ್ಣದೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೈಬೆರಳಿನಲ್ಲಿದೆ. ನವಿರಾದ ಕೆಲಸ ಮಾಡುವಾಗ ತೋರುಬೆರಳು ತಾನಾಗಿಯೇ ಅಲಗಿನ ಬೆನ್ನ ಮೇಲೆ ಹೋಗಿ ಕೂರುತ್ತದೆ. ಬೆರಳಿನ ತುದಿಯಿಂದ ಮೊನೆ ದೂರವಾದಷ್ಟೂ ಕೈಯ ಸಣ್ಣ ಅಲುಗಾಟವೂ ಮೊನೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಏಳೂವರೆ ಸೆಂಟಿಮೀಟರ್ ಅಲಗಿನಲ್ಲಿ ಬೆರಳಿಗೂ ಮೊನೆಗೂ ನಡುವೆ ಎರಡು ಇಂಚೂ ಇರುವುದಿಲ್ಲ. ಆದ್ದರಿಂದಲೇ ಚೀಲದ ದಾರವನ್ನು ಮಾತ್ರ ಕೊಯ್ದು ಚೀಲವನ್ನು ಉಳಿಸಲು ಸಾಧ್ಯ. ಮೂರಿಂಚು ಕಡಿಮೆಯೇನೂ ಅಲ್ಲ. ನಿಂಬೆ, ಸೇಬು, ಮಾವಿನಹಣ್ಣಿನ ಕೆನ್ನೆ, ಹಗ್ಗ, ಪೈಪು, ರಟ್ಟು, ಎಲೆಯ ನಾರು ಎಲ್ಲವೂ ಆ ಅಳತೆಯೊಳಗೆ ಬರುತ್ತವೆ.

ಉದ್ದಕ್ಕಿಂತ ಮುಖ್ಯವಾದದ್ದು ದಪ್ಪ. ಕೊಳ್ಳುವವರು ಇಲ್ಲೇ ಎಡವುವುದು. ದಪ್ಪಗಿದ್ದರೆ ಗಟ್ಟಿ, ಗಟ್ಟಿಯಿದ್ದರೆ ಒಳ್ಳೆಯದು ಎಂಬ ಭಾವನೆಯಿಂದ ಐದಾರು ಮಿಲಿಮೀಟರ್ ಬೆನ್ನಿನ ಚಾಕು ಆರಿಸುತ್ತಾರೆ. ಮನೆಗೆ ತಂದು ಗಜ್ಜರಿ ಹೆಚ್ಚಿದರೆ ಅದು ಹೋಳಾಗುವುದಿಲ್ಲ, ‘ಟಕ್’ ಎಂದು ಸೀಳಿ ಎರಡಾಗುತ್ತದೆ. ಅಲಗು ಕೊಯ್ಯುವ ಬದಲು ಬೆಣೆ ಬಡಿದ ಕೆಲಸ ಮಾಡಿರುತ್ತದೆ. ದಿನಬಳಕೆಯ ಸಣ್ಣ ಚಾಕುವಿಗೆ ಬೆನ್ನಿನಲ್ಲಿ ಎರಡೂವರೆಯಿಂದ ಮೂರು ಮಿಲಿಮೀಟರ್ ಸಾಕು. ಬಾಯಿಯ ಸ್ವಲ್ಪ ಮೇಲೆ, ಸಾಣೆಯ ಗೆರೆ ಶುರುವಾಗುವಲ್ಲಿ, ಅರ್ಧ ಮಿಲಿಮೀಟರಿಗಿಂತ ತೆಳ್ಳಗಿರಬೇಕು. ಬಾಯಿಯ ಕೋನ ಒಂದೊಂದು ಬದಿಗೆ ಹದಿನೈದರಿಂದ ಇಪ್ಪತ್ತು ಡಿಗ್ರಿ. ಈ ಮೂರು ಅಳತೆ ಸರಿಯಿದ್ದರೆ ಸಾಧಾರಣ ಉಕ್ಕಿನ ಚಾಕುವೂ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಇವು ತಪ್ಪಿದರೆ ಎಷ್ಟೇ ದುಬಾರಿ ಉಕ್ಕು ಹಾಕಿದರೂ ಕೈ ನೋಯುವುದು ತಪ್ಪದು. ಉಕ್ಕಿನ ಹೆಸರು, ನಂಬರುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ದಪ್ಪದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದು ದುಃಖದ ಸಂಗತಿ.

ಮಡಚದ ಚಾಕು ಯಾಕೆ ಎಂಬುದಕ್ಕೆ ಹಲಸಿನ ಹಣ್ಣಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಮಡಚುವ ಚಾಕುವಿನಿಂದ ಒಮ್ಮೆ ಹಲಸು ಕೊಯ್ದರೆ ಮೇಣ ಕೀಲಿನೊಳಗೆ ಸೇರಿಕೊಳ್ಳುತ್ತದೆ. ಮರುದಿನ ಅದು ಗಟ್ಟಿಯಾಗಿ ಚಾಕು ಬಿಚ್ಚುವುದೂ ಇಲ್ಲ, ಮುಚ್ಚುವುದೂ ಇಲ್ಲ. ಮೀನು ಹೆಚ್ಚಿದರೆ ಕೀಲಿನ ಸಂದಿಯಲ್ಲಿ ವಾಸನೆ ಉಳಿಯುತ್ತದೆ. ತೋಟದ ಮಣ್ಣು ಸೇರಿದರೆ ಕರಕರ ಎನ್ನುತ್ತದೆ. ಮಡಚದ ಚಾಕುವಿಗೆ ಕೀಲೇ ಇಲ್ಲ. ಅಲಗಿಗೆ ಮೊದಲೇ ಎಣ್ಣೆ ಸವರಿಕೊಂಡು ಹಲಸು ಕೊಯ್ದು, ಕೆಲಸ ಮುಗಿದ ಮೇಲೆ ಮತ್ತೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ನೀರಿಗೆ ಹಿಡಿದು, ಒಣಗಿಸಿದರೆ ಮುಗಿಯಿತು. ಇನ್ನೊಂದು ಮಾತು ಬೆರಳಿನ ಕ್ಷೇಮದ್ದು. ಮಡಚುವ ಚಾಕುವಿನ ಲಾಕು ಒತ್ತಡಕ್ಕೆ ಜಾರಿದರೆ ಅಲಗು ಬಂದು ಮುಚ್ಚುವುದು ಹಿಡಿದವರ ಬೆರಳ ಮೇಲೆಯೇ.

ಇದೇ ತತ್ವವನ್ನು ಇಡೀ ಒಂದು ಸಮಾಜ ಶತಮಾನಗಳಿಂದ ಪಾಲಿಸಿದ್ದನ್ನು ನೋಡಬೇಕೆಂದರೆ ಫಿನ್ಲೆಂಡಿಗೆ ಹೋಗಬೇಕು. ಅಲ್ಲಿನ ‘ಪೂಕ್ಕೊ’ ಎಂಬ ಚಾಕು ರೈತ, ಮೀನುಗಾರ, ಬಡಗಿ, ಹಿಮಸಾರಂಗ ಕಾಯುವವ ಎಲ್ಲರ ಸೊಂಟದಲ್ಲೂ ಇರುತ್ತಿತ್ತು. ಅಲಗು ಅಂಗೈಯ ಅಗಲದಷ್ಟು, ಹಿಡಿಯೂ ಹೆಚ್ಚುಕಡಿಮೆ ಅಷ್ಟೇ. ಬೆರಳು ಜಾರದಂತೆ ತಡೆಯುವ ಅಡ್ಡಪಟ್ಟಿ ಇಲ್ಲ, ಏಕೆಂದರೆ ಅದು ಇರಿಯುವ ಆಯುಧವಲ್ಲ, ಮರ ಕೆತ್ತುವ, ಮೀನು ಸೀಳುವ ಸಾಧನ. ಅಲಗಿನಿಂದ ಹೊರಟ ಸಪೂರ ಬಾಲ ಬರ್ಚ್ ಮರದ ಹಿಡಿಯೊಳಗೆ ತೂರಿ ಹೋಗುತ್ತದೆ. ಕೆಲವದರಲ್ಲಿ ಬರ್ಚ್ ತೊಗಟೆಯ ಹಾಳೆಗಳನ್ನು ಒಂದರ ಮೇಲೊಂದು ಪೋಣಿಸಿ, ಒತ್ತಿ ಹಿಡಿ ಮಾಡುತ್ತಾರೆ. ಹಿಮದಲ್ಲೂ ಅದು ಕೈಗೆ ತಣ್ಣಗೆ ತಾಗುವುದಿಲ್ಲ. ಚರ್ಮದ ಒರೆ ಹಿಡಿಯ ಅರ್ಧಕ್ಕೂ ಮೇಲೆ ಮುಚ್ಚುವುದರಿಂದ ಬಾಗಿದರೂ ಓಡಿದರೂ ಚಾಕು ಬೀಳದು. ಕೌಹಾವ ಎಂಬ ಊರು ಈ ಚಾಕುಗಳಿಗೆ ಪ್ರಸಿದ್ಧ. ಅಲ್ಲಿ ಈಸಕ್ಕಿ ಯಾರ್ವೆನ್‌ಪಾ 1879ರಲ್ಲಿ ಶುರುಮಾಡಿದ ಕಾರ್ಖಾನೆಯ ಹೆಸರಿನ ಪೂಕ್ಕೊಗಳು ಹೊರದೇಶಗಳಲ್ಲೂ ಪರಿಚಿತ. ಫಿನ್ಲೆಂಡಿನಲ್ಲಿ ಪೂಕ್ಕೊ ಉಡುಗೊರೆ ಕೊಡುವುದು ಗೌರವದ ಸೂಚನೆ.

ನೆರೆಯ ಸ್ವೀಡನ್ನಿನ ಮೋರಾ ಊರಿನ ಚಾಕುಗಳೂ ಇದೇ ಮನೆತನದವು. ಎರಡೂವರೆ ಮಿಲಿಮೀಟರ್ ಬೆನ್ನು, ಹತ್ತು ಸೆಂಟಿಮೀಟರ್ ಅಲಗು, ಪ್ಲಾಸ್ಟಿಕ್ ಹಿಡಿಯ ಸರಳ ಮೋರಾ ಚಾಕುವನ್ನು ಅಲ್ಲಿ ಕಟ್ಟಡ ಕೆಲಸದವರು ನಿತ್ಯ ಬಳಸುತ್ತಾರೆ. ಕಾರ್ಖಾನೆಯಲ್ಲಿ ತಯಾರಾದರೂ ಅದು ಕಡಿಮೆ ಬೆಲೆಯ, ಕಲಿಯುವವರಿಗೆ ತುಂಬ ಒಳ್ಳೆಯ ಚಾಕು. ಹೇಳಿ ಮಾಡಿಸುವ ಮೊದಲು ಇಂಥದ್ದೊಂದನ್ನು ಕೆಲವು ತಿಂಗಳು ಬಳಸಿ ನೋಡಿದವರಿಗೆ ತಮಗೆ ಏನು ಬೇಕು, ಏನು ಬೇಡ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಕರಾವಳಿಯ ಗೇರು ನರ್ಸರಿಯೊಂದರಲ್ಲಿ ಕಸಿ ಕಟ್ಟುವವರ ಪಕ್ಕ ಅರ್ಧ ತಾಸು ಕೂತರೆ, ಒಂದು ಸಣ್ಣ ಅಲಗಿನ ಮೇಲೆ ಎಷ್ಟು ಜೀವ ನಿಂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಗೇರಿನಲ್ಲಿ ರೂಢಿಯಲ್ಲಿರುವುದು ಮೆದುಕಾಂಡ ಕಸಿ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರವೂ ಇದನ್ನೇ ಶಿಫಾರಸು ಮಾಡುತ್ತದೆ. ಪಾಲಿಥೀನ್ ಚೀಲದಲ್ಲಿ ಎದ್ದ ಎಳೆ ಸಸಿಯ ತಲೆ ಸವರುತ್ತಾರೆ. ಉಳಿದ ಕಾಂಡದ ನಟ್ಟನಡುವೆ ಆರೇಳು ಸೆಂಟಿಮೀಟರ್ ಆಳಕ್ಕೆ ಒಂದೇ ಸೀಳು ಇಳಿಸುತ್ತಾರೆ. ಒಳ್ಳೆ ತಳಿಯ ಮರದಿಂದ ತಂದ ಪೆನ್ಸಿಲ್ ಗಾತ್ರದ ಕಡ್ಡಿಯ ಬುಡವನ್ನು ಎರಡೂ ಕಡೆ ಇಳಿಜಾರಾಗಿ ಕೊಯ್ದು ಬೆಣೆಯ ಆಕಾರಕ್ಕೆ ತಂದು, ಆ ಸೀಳಿನೊಳಗೆ ಕೂರಿಸಿ, ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ.

ತೊಗಟೆಯ ಕೆಳಗೆ, ಮರದ ಮೇಲೆ, ಬೆಳೆಯುವ ಜೀವಕೋಶಗಳ ಒಂದು ತೆಳು ಪದರವಿದೆ. ಎರಡು ಗಿಡಗಳ ಆ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಕೂಡುತ್ತದೆ. ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕೋಶ ಸಾಯುತ್ತದೆ, ಅಲ್ಲಿ ಕೊಳೆ ಹಿಡಿಯುತ್ತದೆ. ಎರಡು ಮೂರು ಸಲ ಎಳೆದು ಕೊಯ್ದ ಮೈ ಅಂಕುಡೊಂಕಾಗಿ, ನಡುವೆ ಗಾಳಿ ನಿಲ್ಲುತ್ತದೆ. ಅದಕ್ಕೇ ಪಳಗಿದ ಕೈಯವರು ಒಂದೇ ಎಳೆತದಲ್ಲಿ ಕೊಯ್ಯುತ್ತಾರೆ. ಅವರ ಚಾಕುವಿನ ಗುಟ್ಟು ಸಾಣೆಯಲ್ಲಿದೆ. ಒಂದು ಬದಿ ಪೂರ್ತಿ ಚಪ್ಪಟೆ, ಸಾಣೆ ಇನ್ನೊಂದೇ ಬದಿಗೆ. ಚಪ್ಪಟೆ ಬದಿ ಕಡ್ಡಿಯ ಮೈಗೆ ಒತ್ತಿಕೊಂಡು ಹೋಗುವುದರಿಂದ ಕೊಯ್ತ ನೇರವಾಗಿ ಬರುತ್ತದೆ. ಎಡಗೈ ಬಳಸುವವರಿಗೆ ಇದೇ ಚಾಕು ಕೊಟ್ಟರೆ ಕೊಯ್ತ ಒಳಗೊಳಗೇ ಎಳೆಯುತ್ತದೆ. ಅವರಿಗೆ ಸಾಣೆ ಬದಿ ಬದಲಾಗಬೇಕು. ಅಂಗಡಿಯಲ್ಲಿ ಅಂಥ ಚಾಕು ಹುಡುಕಿದರೆ ಸಿಗುವುದು ಕಷ್ಟ, ಕುಲುಮೆಯಲ್ಲಿ ಒಂದು ಮಾತು ಹೇಳಿದರೆ ಆಗುತ್ತದೆ. ಹೇಳಿ ಮಾಡಿಸುವುದರ ಅರ್ಥ ಚೆಂದದ ಹಿಡಿಯಷ್ಟೇ ಅಲ್ಲ ಎನ್ನುವುದು ಇಂಥಲ್ಲಿ ತಿಳಿಯುತ್ತದೆ.

ಸಣ್ಣ ಚಾಕುವಿಗೂ ನಮ್ಮ ನೆಲದ ಉಕ್ಕಿಗೂ ಹಳೆಯ ನಂಟಿದೆ. 1790ರ ದಶಕದಲ್ಲಿ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ‘ವೂಟ್ಸ್’ ಎಂಬ ಭಾರತೀಯ ಉಕ್ಕಿನ ಗಟ್ಟಿಗಳು ಹೋದವು. ಅವನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಮಂಡಿಸಿದರು. ಆ ಉಕ್ಕಿನಿಂದ ಏನು ಮಾಡಿ ನೋಡಿದರು? ಕತ್ತಿಯಲ್ಲ. ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕರು ಅದರಿಂದ ಲೇಖನಿ ಹೆರೆಯುವ ಒಂದು ಪುಟ್ಟ ಚಾಕು ಮಾಡಿದರು. ಅದರ ಬಾಯಿ ಒಳ್ಳೆಯ ಉಕ್ಕಿನ ಯಾವ ಚಾಕುವಿಗೂ ಕಡಿಮೆಯಿರಲಿಲ್ಲ ಎಂದು ದಾಖಲಾಗಿದೆ. ಮುಂದೆ ಇದೇ ಸ್ಟೊಡಾರ್ಟ್ ಮೈಕೆಲ್ ಫ್ಯಾರಡೆಯವರ ಜೊತೆ ಸೇರಿ ಮಿಶ್ರ ಉಕ್ಕುಗಳ ಪ್ರಯೋಗಕ್ಕೆ ಇಳಿದರು. ವೂಟ್ಸ್ ಬಗೆಯ ಮೂಸೆ ಉಕ್ಕು ದಕ್ಷಿಣ ಭಾರತದ ಹಲವೆಡೆ ತಯಾರಾಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಉಕ್ಕಿನ ಕುಲುಮೆಗಳು, ಮೂಸೆಗಳು, ಕೆಲಸಗಾರರ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಅಳತೆಯಲ್ಲಿ ಮೂರಿಂಚಿಗಿಂತ ದೊಡ್ಡದಾದರೂ, ಕೊಡಗಿನ ಪೀಚೆಕತ್ತಿಯೂ ಮೈಮೇಲೆಯೇ ಇಟ್ಟುಕೊಳ್ಳುವ ಚಾಕು. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯದ ಮೇಲೆ ಸುತ್ತುವ ಕೆಂಪು ಚೇಲೆಯಲ್ಲಿ, ಮುಂದುಗಡೆ ಅದು ಸಿಕ್ಕಿಸಿರುತ್ತದೆ. ಒಡಿಕತ್ತಿ ಎಂಬ ದೊಡ್ಡ ಕತ್ತಿ ಬೆನ್ನ ಹಿಂದೆ. ಬೆಳ್ಳಿಯ ಒರೆ, ಬೆಳ್ಳಿಯ ಸರಪಳಿ ನೋಡಿ ಅದು ಬರೀ ಆಭರಣ ಎನಿಸಬಹುದು. ಆದರೆ ಹಳೆಯ ಪೀಚೆಕತ್ತಿಗಳ ಸರಪಳಿಯ ತುದಿಯಲ್ಲಿ ಉಗುರು ಶುಚಿಮಾಡುವ ಕಡ್ಡಿ, ಚಿಮುಟ, ಕಿವಿಯ ಗುಗ್ಗೆ ತೆಗೆಯುವ ಸೌಟು ತೂಗುತ್ತಿರುವುದನ್ನು ಕಾಣಬಹುದು. ದಿನದ ಸಣ್ಣ ಅಗತ್ಯಗಳೆಲ್ಲ ಒಂದೇ ಕಡೆ ಕೈಗೆಟುಕುವಂತೆ ಇಟ್ಟುಕೊಂಡ ಏರ್ಪಾಡು ಅದು.

ಹಿಂದೆ ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕಮ್ಮಾರನೂ ಒಬ್ಬನಾಗಿದ್ದ. ಸುಗ್ಗಿಯಲ್ಲಿ ಬರುವ ಧಾನ್ಯದ ಆಯಕ್ಕೆ ಪ್ರತಿಯಾಗಿ ವರ್ಷವಿಡೀ ಊರಿನ ಕಬ್ಬಿಣದ ಕೆಲಸ ನೋಡಿಕೊಳ್ಳುವುದು ಅವನ ಪಾಲಿನ ಹೊಣೆಯಾಗಿತ್ತು. ಯಾರ ಕೈ ಎಂಥದ್ದು, ಯಾರು ಏನು ಕೊಯ್ಯುತ್ತಾರೆ ಎಂಬುದು ಅವನಿಗೆ ಕೇಳದೆಯೇ ಗೊತ್ತಿರುತ್ತಿತ್ತು. ಇಂದು ‘ಕಸ್ಟಮ್’ ಎಂಬ ಹೆಸರಿನಲ್ಲಿ ದುಬಾರಿಗೆ ಮಾರಾಟವಾಗುವುದು ಬಹುಪಾಲು ಆ ಪರಿಚಯವೇ. ಮಲೆನಾಡು, ಕರಾವಳಿಯ ಪೇಟೆಗಳಲ್ಲಿ ತಿದಿಯ ಬದಲು ಮೋಟಾರು ಬ್ಲೋವರ್ ಬಂದಿದ್ದರೂ ಕುಲುಮೆಗಳು ಇನ್ನೂ ಇವೆ. ಅಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ:

“ಆಚಾರ್ರೆ, ಸಣ್ಣದೊಂದು ಚಾಕು ಆಗ್ಬೇಕಿತ್ತು.”

“ಎಂತಕ್ಕೆ ಬೇಕು ಹೇಳಿ.”

“ಕಸಿಗೂ ಆಗ್ಬೇಕು, ಚೀಲ ಬಿಚ್ಚಲಿಕ್ಕೂ ಆಗ್ಬೇಕು.”

“ಎರಡಕ್ಕೂ ಒಂದೇ ಆಗುದಿಲ್ಲ ಮಾರಾಯ್ರೆ. ಕಸಿಗೆ ಒಂದು ಬದಿ ಸಾಣೆ. ಚೀಲ ಕೊಯ್ದು ಮಣ್ಣು ತಾಗಿದ್ರೆ ಅದರ ಬಾಯಿ ಹೋಯ್ತು ಅಂತಲೇ ಲೆಕ್ಕ.”

ಆಚಾರ್ರ ಮಾತಿನಲ್ಲಿ ಲೋಹವಿಜ್ಞಾನವೇ ಇದೆ. ಬಾಯಿ ತೆಳ್ಳಗಾದಷ್ಟೂ ಕೊಯ್ತ ನವಿರು, ಆದರೆ ಕಲ್ಲು ಮಣ್ಣಿಗೆ ಅದು ಬೇಗ ಚಿಪ್ಪೇಳುತ್ತದೆ. ಯಾವುದಕ್ಕೆ ಎಂದು ಮೊದಲೇ ತೀರ್ಮಾನವಾಗಬೇಕು.

ಸ್ಪ್ರಿಂಗ್ ಪ್ಲೇಟಿನಲ್ಲಿ ಸುಮಾರು ಶೇ 0.6ರಷ್ಟು ಇಂಗಾಲವಿರುತ್ತದೆ. ಕಾಯಿಸಿ ಹಠಾತ್ ತಣಿಸಿದರೆ ಗಡಸಾಗಲು ಅಷ್ಟು ಸಾಕು. ಪ್ಲೇಟು ದಪ್ಪವಾದ್ದರಿಂದ ಬಡಿದು ಬಡಿದು ತೆಳ್ಳಗೆ ಮಾಡಬೇಕು, ಸಣ್ಣ ಚಾಕುವಿಗೆ ಹೆಚ್ಚು ಶ್ರಮ ಬೀಳುವುದು ಇಲ್ಲೇ. ವರ್ಷಗಟ್ಟಲೆ ಭಾರ ಹೊತ್ತ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದುಂಟು, ಆದ್ದರಿಂದ ಎಚ್ಚರದ ಕೆಲಸಗಾರರು ತುಂಡು ಮುರಿದು ಒಳಮೈ ನೋಡುತ್ತಾರೆ.

ಆಕಾರ ಬಂದ ಮೇಲಿನದು ಹದ ಕೊಡುವ ಹೊತ್ತು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟುಬಿಡುತ್ತದೆ. ತಂತಿಗೆ ಕಟ್ಟಿದ ಹಳೆ ಸ್ಪೀಕರಿನ ಅಯಸ್ಕಾಂತವೊಂದಿದ್ದರೆ ಉಷ್ಣಮಾಪಕವಿಲ್ಲದೆಯೂ ಇದು ತಿಳಿಯುತ್ತದೆ. ಅದಕ್ಕಿಂತ ತುಸು ಮೇಲೆ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಮೊನೆ ಕೆಳಗೆ ಮಾಡಿ ನೇರ ಅದ್ದಬೇಕು. ತೆಳು ಅಲಗನ್ನು ನೀರಿಗೆ ಹಾಕಿದರೆ ಸೊಟ್ಟಗಾಗುವ, ಬಿರಿಯುವ ಅಪಾಯ ಹೆಚ್ಚು. ಎಣ್ಣೆಯಿಂದ ಹೊರಬಂದ ಅಲಗು ಗಾಜಿನಷ್ಟು ಗಡಸು, ಕೆಳಗೆ ಬಿದ್ದರೆ ಒಡೆಯಬಲ್ಲದು. ಅರ ಉಜ್ಜಿದರೆ ಹಿಡಿಯದೆ ಜಾರುತ್ತದೆ. ಆ ಪೆಡಸುತನ ಇಳಿಸಲು ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಬೇಯಿಸಬೇಕು. ಹೊಳಪು ಮಾಡಿದ ಮೈಮೇಲೆ ಒಣಹುಲ್ಲಿನ ತಿಳಿ ಹಳದಿ ಬಣ್ಣ ಮೂಡಿದಾಗ ಚಾಕುವಿಗೆ ಹದ ಬಂದಿದೆ ಎಂದರ್ಥ. ಬಣ್ಣ ನೇರಳೆ ದಾಟಿ ನೀಲಿಗೆ ಹೋದರೆ ಅದು ಸ್ಪ್ರಿಂಗಿನ ಹದ, ಚಾಕುವಿನದಲ್ಲ. ಮನೆಯ ಕೇಕಿನ ಓವನ್ನಿನಲ್ಲಿ ಎರಡು ಗಂಟೆ ಇಟ್ಟು ಈ ಕೆಲಸ ಮುಗಿಸುವ ಹವ್ಯಾಸಿಗಳೂ ಇದ್ದಾರೆ. ತುಕ್ಕು ಹಿಡಿಯದ ಉಕ್ಕಿಗೆ ಮಾತ್ರ ಕುಲುಮೆಯ ಇದ್ದಿಲು ಸಾಲದು; ಸಾವಿರ ಡಿಗ್ರಿಗೂ ಮೇಲಿನ ಶಾಖವನ್ನು ಅಳತೆಯಿಟ್ಟು ಹಿಡಿದಿಡಬೇಕು, ಅದಕ್ಕೆ ವಿದ್ಯುತ್ ಕುಲುಮೆಯೇ ಬೇಕು.

ಹಿಡಿಯ ವಿಷಯದಲ್ಲಿ ಜಿಪುಣತನ ಬೇಡ. ಅಲಗು ಸಣ್ಣದೆಂದು ಹಿಡಿಯನ್ನೂ ಸಣ್ಣ ಮಾಡಿದರೆ ಅದರ ತುದಿ ಅಂಗೈಯ ನಡುವೆ ಚುಚ್ಚುತ್ತದೆ, ಹತ್ತು ನಿಮಿಷದ ಕೆಲಸಕ್ಕೆ ಕೈ ಕೆಂಪಾಗುತ್ತದೆ. ನಾಲ್ಕು ಬೆರಳೂ ಕೂತು ತುದಿ ಅಂಗೈಯ ಹೊರಗೆ ಸ್ವಲ್ಪ ಉಳಿಯಬೇಕು. ಅಡ್ಡಕೊಯ್ತದಲ್ಲಿ ಹಿಡಿ ದುಂಡಗಿರದೆ ಮೊಟ್ಟೆಯಾಕಾರಕ್ಕಿದ್ದರೆ ಕತ್ತಲಲ್ಲೂ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯುತ್ತದೆ. ಬೆರಳುಗಳಿಗೆಂದು ಹಳ್ಳ ಕೊರೆಸುವುದನ್ನು ಬಹಳ ಜನ ಇಷ್ಟಪಡುತ್ತಾರೆ, ಆದರೆ ಹಿಡಿತ ಬದಲಿಸಿದಾಗ ಆ ಹಳ್ಳಗಳೇ ಅಡ್ಡಿ. ಹಿಡಿಯ ಮರಕ್ಕೆ ಬೀಟೆ ಚೆಂದ, ಗಟ್ಟಿ, ಎಣ್ಣೆಯ ಅಂಶವಿರುವುದರಿಂದ ನೀರಿಗೆ ಬೇಗ ಹಾಳಾಗದು. ಹಳೆಯ ಪೀಠೋಪಕರಣದ ಮುರುಕು ಬೀಟೆ ತುಂಡು ಎರಡು ಸಿಕ್ಕರೆ ಒಂದು ಚಾಕುವಿಗೆ ಧಾರಾಳವಾಯಿತು.

ಒರೆಯ ಮಾತು ಬಂದಾಗ ಮಲೆನಾಡಿನ ಮಳೆಯನ್ನು ನೆನೆಯಲೇಬೇಕು. ಆಗುಂಬೆಯಂಥಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಚರ್ಮದ ಒರೆ ಜೂನ್ ಕೊನೆಯ ಹೊತ್ತಿಗೆ ಬೂಸ್ಟು ಹಿಡಿಯುತ್ತದೆ, ಒಳಗಿನ ತೇವಕ್ಕೆ ಅಲಗು ತುಕ್ಕಾಗುತ್ತದೆ. ಇಲ್ಲಿ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ಒರೆ ವಾಸಿ. ಹಾಳೆಯನ್ನು ಬಿಸಿಮಾಡಿ ಚಾಕುವಿನ ಸುತ್ತ ಒತ್ತಿದರೆ ಅದರದೇ ಆಕಾರ ತಾಳುತ್ತದೆ, ಚಾಕು ‘ಟಿಕ್’ ಎಂದು ಕೂರುತ್ತದೆ, ಕೆಳಗಿನ ತೂತಿನಿಂದ ನೀರು ಇಳಿದುಹೋಗುತ್ತದೆ. ಚರ್ಮವೇ ಬೇಕೆನ್ನುವವರು ಮನೆಗೆ ಬಂದ ಕೂಡಲೇ ಚಾಕುವನ್ನು ಒರೆಯಿಂದ ತೆಗೆದು, ಒರೆಸಿ, ಕೊಬ್ಬರಿಎಣ್ಣೆ ಸವರಿ ಹೊರಗಿಡಲಿ. ಇಂಗಾಲದ ಉಕ್ಕಿನ ಅಲಗು ಮಾವು, ನಿಂಬೆ, ಅಡಿಕೆಯ ಸೊನೆಗೆ ಬೂದುನೀಲಿ ಬಣ್ಣಕ್ಕೆ ತಿರುಗುವುದು ಸಹಜ. ಅದು ತುಕ್ಕಲ್ಲ; ಕೆಂಪು ತುಕ್ಕನ್ನು ತುಸುಮಟ್ಟಿಗೆ ತಡೆಯುವ ಪದರ. ಬಾಳೆಕಾಯಿ, ಬಾಳೆಹೂವು ಹೆಚ್ಚಿದಾಗ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿ ಹೋಳು ಕಪ್ಪಾಗುತ್ತದೆ, ಅಂಥ ಕೆಲಸಕ್ಕೆ ಮಾತ್ರ ಅಡುಗೆಮನೆಯ ಸ್ಟೀಲ್ ಚಾಕುವೇ ಸರಿ.

ಮಸೆಯುವುದನ್ನು ಬೇರೆಯವರಿಗೆ ಬಿಡುವವರು ಚಾಕುವಿನ ಅರ್ಧ ಸುಖ ಕಳೆದುಕೊಳ್ಳುತ್ತಾರೆ. ವೇಗವಾಗಿ ತಿರುಗುವ ಒಣ ಗ್ರೈಂಡರ್ ಚಕ್ರಕ್ಕೆ ಹಿಡಿದರೆ ಕ್ಷಣದಲ್ಲಿ ಬಾಯಿಯ ಅಂಚು ಕಾಯ್ದು ನೀಲಿಯಾಗುತ್ತದೆ. ಅಷ್ಟು ಜಾಗದ ಹದ ಹೋಯಿತೆಂದೇ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲದು. ಮನೆಯಲ್ಲಿ 1000 ನಂಬರಿನ ಒಂದು ನೀರುಗಲ್ಲು, ಹಳೆ ಬೆಲ್ಟಿನ ಒಂದು ತುಂಡು ಇದ್ದರೆ ಬೇಕಾದಷ್ಟಾಯಿತು. ಕಲ್ಲನ್ನು ನೆನೆಸಿ, ಒಂದೇ ಕೋನ ಹಿಡಿದು, ಬಾಯಿಯ ಉದ್ದಕ್ಕೂ ಆಚೆಬದಿಗೆ ಕೂದಲಿನಷ್ಟು ಸಣ್ಣ ಉಕ್ಕಿನ ಎಳೆ ಏಳುವ ತನಕ ಮಸೆಯಬೇಕು. ಹೆಬ್ಬೆರಳನ್ನು ಅಡ್ಡಡ್ಡ ಮೆಲ್ಲಗೆ ಸವರಿದರೆ ಆ ಎಳೆ ತಾಗುತ್ತದೆ. ಆಗ ಬದಿ ಬದಲಿಸಿ, ಕೊನೆಗೆ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದು ಎಳೆಯನ್ನು ಕೆಡವಬೇಕು. ಕಲ್ಲಿಲ್ಲದ ಊರಲ್ಲಿ ಪಿಂಗಾಣಿ ಬಟ್ಟಲಿನ ತಳದ ಹೊಳಪಿಲ್ಲದ ಅಂಚು ಕೂಡ ಕೆಲಸಕ್ಕೆ ಬರುತ್ತದೆ.

ಮಸೆಯುವ ಸಾಧನವನ್ನು ಚಾಕುವಿನ ಜೊತೆಗೇ ಇಟ್ಟುಕೊಳ್ಳುವ ರೂಢಿ ಐದು ಸಾವಿರ ವರ್ಷಕ್ಕೂ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ‘ಓಟ್ಸಿ’ ಎಂಬ ಪ್ರಾಚೀನ ಮನುಷ್ಯನ ಬಳಿ ಚಕಮಕಿ ಕಲ್ಲಿನ ಅಲಗು, ಮರದ ಹಿಡಿ, ನಾರಿನಿಂದ ಹೆಣೆದ ಒರೆಯಿದ್ದ ಪುಟ್ಟ ಚಾಕುವಿತ್ತು. ಕಲ್ಲಿನ ಬಾಯಿಯನ್ನು ಚಕ್ಕೆಯೆಬ್ಬಿಸಿ ಹರಿತ ಮಾಡಲು, ಮರದ ಕಡ್ಡಿಯಲ್ಲಿ ಜಿಂಕೆಗೊಂಬಿನ ಚೂರು ಹುದುಗಿಸಿದ ಸಾಧನವೂ ಇತ್ತು. 2018ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅವನ ಕಲ್ಲಿನ ಸಾಧನಗಳು ಮತ್ತೆ ಮತ್ತೆ ಹರಿತ ಮಾಡಿಸಿಕೊಂಡು ಸವೆದಿದ್ದವು, ಹೊಸ ಕಲ್ಲು ಅವನಿಗೆ ಸಿಕ್ಕಿರಲಿಲ್ಲ.

ಇನ್ನು ಕಾನೂನು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಚೌಕಟ್ಟಿನಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಆಯುಧವೆಂದು ಪಟ್ಟಿ ಮಾಡಲಾಗಿದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದವು ಇದಕ್ಕೆ ಹೊರತು. ಮೂರಿಂಚಿನ ಚಾಕು ಈ ಅಳತೆಯ ಹತ್ತಿರವೂ ಸುಳಿಯದು. ಹಾಗೆಂದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದಲ್ಲ. ನಿಷೇಧಾಜ್ಞೆ ಜಾರಿಯಿರುವಾಗ ಪೇಟೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ತೊಂದರೆಗೆ ದಾರಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಒಳಗೆ ಹೋಗುವ ಸಾಮಾನಿನಲ್ಲಿ ಸುತ್ತಿ ಇಡಬೇಕು. ಹೊರದೇಶದಲ್ಲಿರುವ ಮಗನಿಗೋ ಮಗಳಿಗೋ ಊರಿನ ಕುಲುಮೆಯ ಚಾಕು ಕಳಿಸುವ ಆಸೆ ಇರುವವರು ಅಲ್ಲಿನ ನಿಯಮ ಮೊದಲು ವಿಚಾರಿಸಬೇಕು. ಬ್ರಿಟನ್ನಿನಲ್ಲಿ ಬೀದಿಗೆ ಒಯ್ಯಲು ಕಾರಣ ಹೇಳಬೇಕಿಲ್ಲದ್ದು ಮೂರಿಂಚಿನೊಳಗಿನ, ಲಾಕಿಲ್ಲದ ಮಡಚುವ ಚಾಕು ಮಾತ್ರ. ಮಡಚದ ಚಾಕು ಎಷ್ಟೇ ಸಣ್ಣದಿರಲಿ, ಕೆಲಸದಂಥ ಸರಿಯಾದ ಕಾರಣ ತೋರಿಸಬೇಕು. ಪೂಕ್ಕೊ ಹುಟ್ಟಿದ ಫಿನ್ಲೆಂಡಿನಲ್ಲೇ 2003ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತದೆ. ಮೀನು ಹಿಡಿಯಲು, ಅಣಬೆ ಆರಿಸಲು ಕಾಡಿಗೆ ಹೊರಟವರ ಸೊಂಟದಲ್ಲಿ ಅದು ಇರಬಹುದು, ಪೇಟೆಯ ಚೌಕದಲ್ಲಿ ಕಾರಣವಿಲ್ಲದೆ ಇರಕೂಡದು.